ಸೈಲೇಜ್‌ಗೆ ಯಾವ ಮೆಕ್ಕೆಜೋಳ? ಎತ್ತರ ನೋಡಿ ಮರುಳಾಗಬೇಡಿ, ತೆನೆ ನೋಡಿ

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಆರು ಹಸುಗಳಿವೆ, ನಾಲ್ಕು ಈಗ ಹಾಲು ಕೊಡುತ್ತಿವೆ. ಮೂರು ಎಕರೆ ಜಮೀನು. ಅದರಲ್ಲಿ ಎರಡು ಎಕರೆ ಎರೆ ಭೂಮಿ, ಬೋರ್ ನೀರಿದೆ. ಒಂದು ಎಕರೆ ಕೆಂಪು ಮಣ್ಣು, ಮಳೆ ಬಂದರೆ ಉಂಟು. ಬೇಸಿಗೆಗೆ ಸೈಲೇಜ್ (ಹಸಿ ಮೇವು ಕತ್ತರಿಸಿ ಗುಂಡಿಯಲ್ಲಿ ತುಳಿದು, ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿಡುವುದು) ಮಾಡಿಡಬೇಕು ಅಂತ ಇದ್ದೇನೆ. ಬೀಜದ ಅಂಗಡಿಯವರು ಆಫ್ರಿಕನ್ ಟಾಲ್ ಅನ್ನುವ ಮೇವಿನ ಮೆಕ್ಕೆಜೋಳ ಹಾಕಿ, ಎಕರೆಗೆ 25 ಟನ್ ಬರುತ್ತದೆ ಅನ್ನುತ್ತಾರೆ. ಪಕ್ಕದ ಹೊಲದವರು ಮಾರೋಕೆ ಹಾಕುವ ಹೈಬ್ರಿಡ್ಡೇ ಸಾಕು ಅನ್ನುತ್ತಾರೆ. ‘ಸೈಲೇಜ್ ಸ್ಪೆಷಲ್’ ಅಂತ ಜಾಸ್ತಿ ರೇಟಿನ ಬೀಜವೂ ಇದೆ. ಯಾವುದು ಹಾಕಲಿ? ತೆನೆ ಮುರಿದು ಮಾರಿ, ದಂಟು ಮಾತ್ರ ಸೈಲೇಜ್ ಮಾಡಿದರೆ ಎರಡೂ ಲಾಭ ಅಲ್ವಾ?

ಉತ್ತರ: ಬೋರ್ ನೀರಿರುವ ಎರೆ ಹೊಲಕ್ಕೆ ತೆನೆ ಚೆನ್ನಾಗಿ ಕಟ್ಟುವ ಕಾಳಿನ ಹೈಬ್ರಿಡ್ ಹಾಕಿ. ನಿಮ್ಮ ಪಕ್ಕದ ಹೊಲದವರು ಹೇಳಿದ್ದು ಸರಿ. ಆದರೆ ಯಾವ ಹೈಬ್ರಿಡ್ ಆದರೂ ನಡೆಯುತ್ತದೆ ಅಂತಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಅಂಗಡಿಯವರ 25 ಟನ್ ಲೆಕ್ಕ ನೋಡೋಣ. ನೀರು, ಗೊಬ್ಬರ ಚೆನ್ನಾಗಿ ಕೊಟ್ಟರೆ ಆಫ್ರಿಕನ್ ಟಾಲ್ ಅಷ್ಟು ಹಸಿ ತೂಕ ಕೊಡುತ್ತದೆ, ಸುಳ್ಳೇನಲ್ಲ. ಆದರೆ ಆ ತೂಕದಲ್ಲಿ ನೀರೆಷ್ಟು? ಸೂಲಂಗಿ (ಗಿಡದ ತುದಿಯ ಗಂಡು ಹೂ) ಬಂದ ಹೊತ್ತಿಗೆ ಕೊಯ್ದರೆ ನೂರು ಕೆಜಿ ಮೇವಿನಲ್ಲಿ ಸುಮಾರು 80 ಕೆಜಿ ನೀರೇ ಇರುತ್ತದೆ. ಒಣ ಅಂಶ 20 ಕೆಜಿ. ಅಂದರೆ 25 ಟನ್ನಿನಲ್ಲಿ ಹಸುವಿಗೆ ನಿಜವಾಗಿ ಸಿಗುವುದು 5 ಟನ್. ಇನ್ನು ಕಾಳಿನ ಹೈಬ್ರಿಡ್ ಎಕರೆಗೆ 17 ಟನ್ ಹಸಿ ತೂಕ ಕೊಟ್ಟಿತು ಅಂದುಕೊಳ್ಳಿ. ಸರಿಯಾದ ಹದದಲ್ಲಿ ಕೊಯ್ದರೆ ಅದರಲ್ಲಿ ಒಣ ಅಂಶ ನೂರಕ್ಕೆ 33 ಇರುತ್ತದೆ. ಲೆಕ್ಕ ಹಾಕಿದರೆ 5.6 ಟನ್. ತೂಕ ಕಡಿಮೆ, ಮೇವು ಜಾಸ್ತಿ. ಕತ್ತರಿಸುವ ಕೂಲಿ, ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ, ಗುಂಡಿಯ ಜಾಗ ಎಲ್ಲವೂ ನೀವು ಕೊಡುವುದು ಹಸಿ ತೂಕಕ್ಕೆ. ನೀರು ಹೊತ್ತು ತಂದು ಗುಂಡಿಗೆ ತುಂಬುವುದಕ್ಕೆ ಯಾಕೆ ದುಡ್ಡು ಕೊಡಬೇಕು?

ಆ ಒಣ ಅಂಶದ ಒಳಗೂ ವ್ಯತ್ಯಾಸವಿದೆ. ಚೆನ್ನಾಗಿ ತೆನೆ ಕಟ್ಟಿದ ಗಿಡದಲ್ಲಿ ಒಣ ತೂಕದ ಹತ್ತಿರ ಹತ್ತಿರ ಅರ್ಧ ತೆನೆಯದ್ದೇ. ಕಾಳಿನ ಪಿಷ್ಟ ಹಸುವಿಗೆ ಶಕ್ತಿ ಕೊಡುತ್ತದೆ, ಆ ಶಕ್ತಿಯಿಂದಲೇ ಹಾಲು. ಸೂಲಂಗಿ ಹಂತದಲ್ಲಿ ಕೊಯ್ದ ಮೇವಿನಲ್ಲಿ ಕಾಳೇ ಇಲ್ಲ. ಅದನ್ನು ತಿಂದ ಹಸುವಿನ ಹೊಟ್ಟೆ ತುಂಬುತ್ತದೆ, ಆದರೆ ಹಾಲಿನ ಕೊರತೆ ತುಂಬಲು ನೀವು ಮತ್ತೆ ಬೂಸಾ, ಪಶು ಆಹಾರದ ಚೀಲ ತರಬೇಕು. ಸೈಲೇಜ್ ಮಾಡುವುದೇ ಆ ಚೀಲದ ಖರ್ಚು ಇಳಿಸೋಕೆ ಅಲ್ವಾ?

ಇನ್ನೊಂದು ತೊಂದರೆ. ಅಷ್ಟು ನೀರಿರುವ ಮೇವು ಗುಂಡಿಯಲ್ಲಿ ರಸ ಬಿಡುತ್ತದೆ. ಆ ರಸದ ಜೊತೆ ಸಕ್ಕರೆ ಅಂಶವೂ ಹರಿದು ಹೋಗುತ್ತದೆ. ಸರಿಯಾಗಿ ಹುಳಿ ಬರಬೇಕಾದ ಮೇವು ಕೊಳೆತ ಬೆಣ್ಣೆಯ ವಾಸನೆ ಬರುವಂತಾಗುತ್ತದೆ. ಹಸು ಮೂಸಿ ನೋಡಿ ಮುಖ ತಿರುಗಿಸುತ್ತದೆ.

ಹಾಗಂತ ಆಫ್ರಿಕನ್ ಟಾಲ್ ಬೇಡವೇ ಬೇಡ ಅಂತ ಹೇಳುತ್ತಿಲ್ಲ. ರಾಹುರಿಯ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠದ ಈ ತಳಿ ದಿನಾ ಕೊಯ್ದು ಹಸಿಯಾಗಿ ಹಾಕುವುದಕ್ಕೆ ತುಂಬಾ ಒಳ್ಳೆಯದು. ಹೈಬ್ರಿಡ್ ಅಲ್ಲವಾದ್ದರಿಂದ ಬೀಜ ಉಳಿಸಿಕೊಳ್ಳಲೂಬಹುದು. ಲುಧಿಯಾನದ ಜೆ-1006 ಕೂಡ ಇದೇ ಜಾತಿಯದ್ದು, ಮೇವಿಗೆಂದೇ ಮಾಡಿದ್ದು. ಕೈಯಲ್ಲಿ ಇದೇ ಬೀಜ ಇದ್ದರೆ ದಟ್ಟವಾಗಿ ಹಾಕಬೇಡಿ. ತೆಳುವಾಗಿ ಬಿತ್ತಿ, ಕಾಳು ಒತ್ತಿದರೆ ಹಿಟ್ಟಿನಂತಾಗುವವರೆಗೆ ಕಾಯ್ದು ಆಮೇಲೆ ಕೊಯ್ಯಿರಿ. ಆಗ ಅದೂ ಸೈಲೇಜ್‌ಗೆ ಬರುತ್ತದೆ. ಆದರೆ ಹತ್ತಡಿ ಎತ್ತರದ ಗಿಡ, ನಮ್ಮ ಕಡೆ ಆಗಸ್ಟ್‌ನ ಗಾಳಿ. ಮಲಗಿದ ಬೆಳೆ ಕೊಯ್ಯುವ ಕಷ್ಟ ಕೊಯ್ದವರಿಗೇ ಗೊತ್ತು. ಮಣ್ಣು ಹತ್ತಿದ ದಂಟು ಗುಂಡಿಗೆ ಹೋದರೆ ಸೈಲೇಜ್ ಕೆಡುತ್ತದೆ.

ಈಗ ಹೈಬ್ರಿಡ್ ವಿಷಯ. ಚೀಲದ ಮೇಲೆ ‘ಸೈಲೇಜ್’ ಅಂತ ಅಚ್ಚು ಹಾಕಿದ್ದಕ್ಕೇ ಜಾಸ್ತಿ ದುಡ್ಡು ಕೊಡಬೇಡಿ. ಅಂಗಡಿಯವರನ್ನು ಮೂರು ಮಾತು ಕೇಳಿ. ಎಷ್ಟು ದಿನದ ತಳಿ? ಕಾಳಿಗೆ ಹಾಕಿದರೆ ಎಕರೆಗೆ ಎಷ್ಟು ಕ್ವಿಂಟಲ್? ತೆನೆ ಮಾಗುವಾಗ ಗಿಡ ಹಸಿರಾಗಿರುತ್ತದಾ, ಒಣಗುತ್ತದಾ? ಇದಕ್ಕೆ ಉತ್ತರ ಇಲ್ಲದಿದ್ದರೆ ಬೇರೆ ಬೀಜ ನೋಡಿ.

ಮೂರನೆಯ ಪ್ರಶ್ನೆಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಕೆಲವು ಹೈಬ್ರಿಡ್‌ಗಳಲ್ಲಿ ತೆನೆ ಗಟ್ಟಿಯಾಗುವ ಮೊದಲೇ ಕೆಳಗಿನ ಎಲೆಗಳು ಸುಟ್ಟ ಹಾಗೆ ಆಗುತ್ತವೆ. ಕಾಳು ಮಾರುವವರಿಗೆ ಅದರಿಂದ ತೊಂದರೆಯಿಲ್ಲ, ಬೇಗ ಒಣಗಿದರೆ ಒಳ್ಳೆಯದೇ. ಆದರೆ ಸೈಲೇಜ್‌ಗೆ ಎಲೆ, ದಂಟು ಹಸಿರಾಗಿರಬೇಕು, ಕಾಳು ಮಾತ್ರ ಮಾಗುತ್ತಿರಬೇಕು. ಅಂಥ ತಳಿಯಲ್ಲಿ ಕೊಯ್ಲಿಗೆ ನಾಲ್ಕು ದಿನ ಹೆಚ್ಚು ಅವಕಾಶ ಸಿಗುತ್ತದೆ. ಚಾಫ್ ಕಟರ್ (ಮೇವು ಕತ್ತರಿಸುವ ಯಂತ್ರ) ಬಾಡಿಗೆಗೆ ಸಿಗಲಿಲ್ಲ, ಆಳು ಬರಲಿಲ್ಲ, ಮಳೆ ಹಿಡಿಯಿತು. ಇದೆಲ್ಲ ಆಗೇ ಆಗುತ್ತದೆ. ಆ ನಾಲ್ಕು ದಿನ ಆಗ ಕೈ ಹಿಡಿಯುತ್ತದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೇಮಾ (ಎನ್‌ಎಎಚ್ 1137) ಮತ್ತು ನಿತ್ಯಶ್ರೀ (ಎನ್‌ಎಎಚ್ 2049) ನೀರಾವರಿಗೆ ಒಗ್ಗುವ ದೀರ್ಘಾವಧಿ ಹೈಬ್ರಿಡ್‌ಗಳು. ಕೇದಿಗೆ ರೋಗ ಮತ್ತು ಎಲೆ ಅಂಗಮಾರಿಯನ್ನು ತಡೆದುಕೊಳ್ಳುತ್ತವೆ. ಅದೇ ವಿಶ್ವವಿದ್ಯಾಲಯದ ಎಂಎಎಚ್ 14-5 ತೆನೆ ಮಾಗಿದರೂ ಗಿಡ ಹಸಿರಾಗಿ ಉಳಿಯುವ ಗುಣಕ್ಕೆ ಹೆಸರಾಗಿದೆ. ಬೀಜ ಸಿಕ್ಕರೆ ನಿಮಗೆ ನಾನು ಮೊದಲು ಹೇಳುವುದು ಅದನ್ನೇ. ಸಿಗದಿದ್ದರೆ ನಿಮ್ಮ ಊರಲ್ಲಿ ಎರಡು ಮೂರು ವರ್ಷ ಕಾಳಿಗೆ ಚೆನ್ನಾಗಿ ಬಂದಿರುವ ಖಾಸಗಿ ಹೈಬ್ರಿಡ್ ಯಾವುದೋ ಅದನ್ನು ತನ್ನಿ. ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳ ಬೆಳೆಯದ ಊರಿಲ್ಲ. ನಿಮ್ಮ ಊರಿನ ಹೊಲಗಳೇ ದೊಡ್ಡ ಪ್ರಯೋಗ ತಾಕು. ಕೊಯ್ಲಿಗೆ ಮೂರು ವಾರ ಮುಂಚೆ ನಾಲ್ಕು ಹೊಲ ಸುತ್ತಿ, ಎಲ್ಲಿ ತೆನೆ ತುದಿಯವರೆಗೂ ಕಾಳು ತುಂಬಿದೆ, ಎಲ್ಲಿ ಎಲೆ ಹಸಿರಿದೆ ನೋಡಿ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಿ. ಚಿತ್ರದುರ್ಗ ಜಿಲ್ಲೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ.

ಎಲೆ ರೋಗವನ್ನು ಸುಮ್ನೆ ಬಿಡಬೇಡಿ. ಕಾಳಿನ ಬೆಳೆಗೆ ಅಂಗಮಾರಿ ಬಂದರೆ ಒಂದಿಷ್ಟು ಇಳುವರಿ ಹೋಗುತ್ತದೆ, ಅಷ್ಟೇ. ಸೈಲೇಜ್‌ನಲ್ಲಿ ಎಲೆಯೇ ಮೇವು. ರೋಗದ ಎಲೆ ಒಣಗಿ ಬೂಸ್ಟಿಗೆ ದಾರಿಯಾಗುತ್ತದೆ. ಇನ್ನು ಸೈನಿಕ ಹುಳು. ಈ ಫಾಲ್ ಆರ್ಮಿವರ್ಮ್ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದೇ 2018 ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಅದನ್ನು ಪೂರ್ತಿ ತಡೆಯುವ ತಳಿಯನ್ನು ಹುಡುಕುತ್ತಾ ಕೂರಬೇಡಿ. ಬಿತ್ತಿ ಎರಡು ವಾರದಿಂದಲೇ ಸುಳಿ ನೋಡುತ್ತಾ ಬನ್ನಿ. ಔಷಧಿ ಹೊಡೆಯುವುದಾದರೆ ಗಿಡ ಸಣ್ಣದಿರುವಾಗಲೇ ಹೊಡೆಯಿರಿ. ಔಷಧಿಯ ಡಬ್ಬಿಯ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಅಂತ ಬರೆದಿರುತ್ತದೆ. ಇಲ್ಲಿ ಹಸು ಇಡೀ ಗಿಡ ತಿನ್ನುತ್ತದೆ, ಆ ಹಾಲು ಮನೆ ಮಕ್ಕಳೂ ಕುಡಿಯುತ್ತಾರೆ. ಆ ದಿನಗಳನ್ನು ಖಂಡಿತ ಪಾಲಿಸಿ.

ಅವಧಿ ಎಷ್ಟಿರಬೇಕು ಅನ್ನುವುದು ನಿಮ್ಮ ಬೋರಿನ ಮೇಲೆ ನಿಂತಿದೆ. 115-120 ದಿನದ ತಳಿ ತೂಕ ಜಾಸ್ತಿ ಕೊಡುತ್ತದೆ, ನೀರೂ ಜಾಸ್ತಿ ಕೇಳುತ್ತದೆ. ಸೂಲಂಗಿ ಬಂದು ತೆನೆಯ ರೇಷ್ಮೆ (ತೆನೆ ತುದಿಯ ಕೂದಲು) ಹೊರಡುವ ಎರಡು ಮೂರು ವಾರ ಗಿಡ ಬಾಡಿದರೆ ತೆನೆ ಬೋಳಾಗುತ್ತದೆ. ಆ ಸಮಯದಲ್ಲಿ ಬೋರ್ ಎರಡು ಎಕರೆ ಪೂರ್ತಿ ನೆನೆಸುತ್ತದಾ? ಅನುಮಾನವಿದ್ದರೆ 100 ದಿನದ ಆಸುಪಾಸಿನ ತಳಿ ಹಾಕಿ, ಒಂದೇ ಸಲ ಎರಡೂ ಎಕರೆ ಬಿತ್ತಬೇಡಿ. ನನ್ನ ಸಲಹೆ, ಒಂದು ಎಕರೆ ಜೂನ್ ಕೊನೆಗೆ, ಇನ್ನೊಂದು ಎಕರೆ ಅಕ್ಟೋಬರ್‌ನಲ್ಲಿ. ಮುಂಗಾರಿನದ್ದು ಸೆಪ್ಟೆಂಬರ್‌ನಲ್ಲಿ ಕೊಯ್ಲಿಗೆ ಬರುವಾಗ ಮಳೆಯ ಕಾಟ ಇರಬಹುದು. ಅಕ್ಟೋಬರ್‌ನಲ್ಲಿ ಬಿತ್ತಿದ್ದು ಚಳಿಗೆ ಹತ್ತು ದಿನ ತಡ ಮಾಡಿದರೂ ಒಣ ಹವೆಯಲ್ಲಿ ನೆಮ್ಮದಿಯಾಗಿ ಕೊಯ್ಯಬಹುದು, ಬೇಸಿಗೆಗೂ ಹತ್ತಿರ. ಫೆಬ್ರವರಿ, ಮಾರ್ಚ್‌ನಲ್ಲಿ ಬಿತ್ತಿ ಸೈಲೇಜ್ ಮಾಡುವ ಯೋಚನೆ ಬೇಡ. ಬಿಸಿಲಿಗೆ ಪರಾಗ ಸತ್ತು ಕಾಳು ಕಟ್ಟುವುದಿಲ್ಲ.

ಬಿತ್ತುವಾಗ ಸಾಲಿಂದ ಸಾಲಿಗೆ ಎರಡು ಅಡಿ ಇರಲಿ. ಕಾಳಿಗೆ ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಬಿಡುತ್ತೇವೆ. ಸೈಲೇಜ್‌ಗೆ 16-18 ಸೆಂ.ಮೀ.ಗೆ ಇಳಿಸಬಹುದು. ಅದಕ್ಕಿಂತ ಒತ್ತಾಗಿ ಹಾಕಿದರೆ ದಂಟು ಸಣಕಲಾಗಿ ತೆನೆ ಚಿಕ್ಕದಾಗುತ್ತದೆ. ಹೈಬ್ರಿಡ್ ಬೀಜ ಎಕರೆಗೆ 9-10 ಕೆಜಿ ಸಾಕು. ಗೊಬ್ಬರದಲ್ಲಿ ಒಂದು ವಿಷಯ ಮರೆಯಬೇಡಿ. ಕಾಳು ಮಾತ್ರ ಮಾರಿದಾಗ ದಂಟಿನಲ್ಲಿದ್ದ ಪೊಟ್ಯಾಷ್ ಹೊಲಕ್ಕೇ ವಾಪಸ್ ಹೋಗಬಹುದು. ಸೈಲೇಜ್‌ಗೆ ಇಡೀ ಗಿಡ ಎತ್ತಿಕೊಂಡು ಬರುತ್ತೀರಿ. ಎರಡು ಮೂರು ಬೆಳೆಯಲ್ಲೇ ಮಣ್ಣು ಬಡವಾಗುತ್ತದೆ. ಕೊಟ್ಟಿಗೆಯ ಗೊಬ್ಬರ ಅದೇ ಎರಡು ಎಕರೆಗೆ ಹೋಗಲಿ, ತೋಟಕ್ಕೆ ಹಾಕಿ ಮುಗಿಸಬೇಡಿ.

ತಳಿಯಷ್ಟೇ ಮುಖ್ಯ ಕೊಯ್ಯುವ ದಿನ. ಎಷ್ಟೋ ಜನ ಒಳ್ಳೆ ಬೀಜ ತಂದು ಇಲ್ಲಿ ಸೋಲುವುದನ್ನು ನೋಡಿ ಬೇಸರವಾಗುತ್ತದೆ. ರೇಷ್ಮೆ ಹೊರಟ ದಿನ ಬರೆದಿಡಿ. ಅಲ್ಲಿಂದ 28ನೇ ದಿನಕ್ಕೆ ಹೊಲಕ್ಕೆ ಹೋಗಿ ನಡುವಿನ ಸಾಲಿಂದ ಐದಾರು ತೆನೆ ತನ್ನಿ, ಬದುವಿನದ್ದು ಬೇಡ. ತೆನೆಯನ್ನು ಮಧ್ಯಕ್ಕೆ ಮುರಿದು, ತುದಿ ಕಡೆಯ ತುಂಡು ಹಿಡಿದು ಮುರಿದ ಜಾಗದ ಕಾಳು ನೋಡಿ. ಕಾಳಿನ ಮೇಲ್ಭಾಗ ಗಟ್ಟಿ ಹಳದಿ, ಬುಡದ ಭಾಗ ಹಾಲಿನ ಬಿಳಿ, ನಡುವೆ ಒಂದು ಗೆರೆ. ಆ ಗೆರೆ ಕಾಳಿನ ಅರ್ಧಕ್ಕೆ ಇಳಿದಾಗ ಕೊಯ್ಯಿರಿ. ನಮ್ಮಲ್ಲಿನ ಗುಂಡು ಕಾಳಿನ ತಳಿಗಳಲ್ಲಿ ಗೆರೆ ಅಷ್ಟು ಸ್ಪಷ್ಟ ಕಾಣುವುದಿಲ್ಲ. ಉಗುರಿನಿಂದ ಒತ್ತಿ ನೋಡಿ. ಮೇಲೆ ಗಟ್ಟಿ, ಕೆಳಗೆ ಒತ್ತಿದರೆ ಹಾಲು ಬರಬೇಕು.

ದೊಡ್ಡ ಯಂತ್ರ ಇರುವವರು ಗೆರೆ ಮುಕ್ಕಾಲು ಇಳಿಯುವವರೆಗೆ ಕಾಯುತ್ತಾರೆ, ಯಾಕೆಂದರೆ ಅವರ ಯಂತ್ರ ಕಾಳನ್ನು ಜಜ್ಜುತ್ತದೆ. ನಿಮ್ಮ ಚಾಫ್ ಕಟರ್ ದಂಟು ಕತ್ತರಿಸುತ್ತದೆ, ಕಾಳು ಜಜ್ಜುವುದಿಲ್ಲ. ಗಟ್ಟಿಯಾದ ಇಡೀ ಕಾಳು ಹಸುವಿನ ಹೊಟ್ಟೆ ಸೇರಿ ಸಗಣಿಯಲ್ಲಿ ಹಾಗೇ ಹೊರಬರುತ್ತದೆ. ಆದ್ದರಿಂದ ಅರ್ಧ ಗೆರೆಗೇ ಕೊಯ್ಯಿರಿ, ಒಂದರಿಂದ ಎರಡು ಸೆಂ.ಮೀ. ತುಂಡಾಗುವ ಹಾಗೆ ಬ್ಲೇಡ್ ಹರಿತ ಮಾಡಿಸಿ.

ಒಣ ಅಂಶ ಗೊತ್ತಾಗಬೇಕಾದರೆ ಕತ್ತರಿಸಿದ ಮೇವು ಒಂದು ಕೆಜಿ ತೂಗಿ, ತೆಳ್ಳಗೆ ಹರಡಿ, ತೂಕ ಇನ್ನು ಇಳಿಯುವುದಿಲ್ಲ ಅನ್ನುವವರೆಗೆ ಬಿಸಿಲಿಗೆ ಒಣಗಿಸಿ. 300ರಿಂದ 350 ಗ್ರಾಂ ಉಳಿದರೆ ಹದ ಸರಿ. ಅವಸರದಲ್ಲಿದ್ದರೆ ಒಂದು ಮುಷ್ಟಿ ಬಿಗಿಯಾಗಿ ಹಿಂಡಿ ಬಿಡಿ. ರಸ ತೊಟ್ಟಿಕ್ಕಿದರೆ ಇನ್ನೂ ಎಳೆಯದು. ಉಂಡೆ ನಿಧಾನಕ್ಕೆ ಬಿಚ್ಚಿಕೊಂಡು ಅಂಗೈ ತೇವ ಮಾತ್ರ ಆದರೆ ತುಂಬಲು ಶುರು ಮಾಡಿ. ಪುಡಿಪುಡಿಯಾಗಿ ಉದುರಿದರೆ ತಡವಾಗಿದೆ. ಅಂಥ ಮೇವನ್ನು ಎಷ್ಟು ತುಳಿದರೂ ಗಾಳಿ ಹೊರಹೋಗುವುದಿಲ್ಲ. ಬೆಲ್ಲ, ಯೂರಿಯಾ, ಉಪ್ಪು ಹಾಕಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹದವಾದ ಮೆಕ್ಕೆಜೋಳದಲ್ಲಿ ಹುಳಿ ಬರಲು ಬೇಕಾದಷ್ಟು ಸಕ್ಕರೆ ಇದೆ. ಆ ದುಡ್ಡಲ್ಲಿ ಒಳ್ಳೆ ದಪ್ಪ ತಾರ್ಪಾಲು ತನ್ನಿ.

ಎಷ್ಟು ಬೇಕು ಅಂತಲೂ ನೋಡಿಬಿಡೋಣ. ಆರು ಹಸು, ದಿನಕ್ಕೆ ತಲಾ 20 ಕೆಜಿ, ಆರು ತಿಂಗಳು. 21.6 ಟನ್ ಆಗುತ್ತದೆ. ಹಾಳಾಗುವುದು ಸೇರಿಸಿ 25 ಟನ್ ಇಟ್ಟುಕೊಳ್ಳಿ. ಒಂದೂವರೆ ಎಕರೆ ಹೈಬ್ರಿಡ್‌ನಲ್ಲಿ ಬರುತ್ತದೆ. ಆದರೆ ಅದನ್ನೆಲ್ಲ ಒಂದೇ ದೊಡ್ಡ ಗುಂಡಿಗೆ ತುಂಬಬೇಡಿ. ನಿಮಗೆ ದಿನಕ್ಕೆ ಬೇಕಾದದ್ದು 120 ಕೆಜಿ. ಗುಂಡಿ ಹತ್ತಡಿ ಅಗಲ, ಐದಡಿ ಆಳ ಇದ್ದರೆ ದಿನಕ್ಕೆ ಎರಡು ಇಂಚು ಮಾತ್ರ ಒಳಗೆ ಹೋಗುತ್ತೀರಿ. ನಮ್ಮ ಬೇಸಿಗೆಯಲ್ಲಿ ಅಷ್ಟು ನಿಧಾನವಾದರೆ ತೆರೆದ ಮುಖ ಬಿಸಿಯಾಗಿ ಬೂಸ್ಟು ಹಿಡಿಯುತ್ತದೆ. ದಿನಕ್ಕೆ ಅರ್ಧ ಅಡಿಯಷ್ಟಾದರೂ ತೆಗೆಯುವಂತಿರಬೇಕು. ಐದಡಿ ಅಗಲ, ಮೂರೂಕಾಲು ಅಡಿ ಆಳ, 33 ಅಡಿ ಉದ್ದದ ಮೂರು ಗುಂಡಿ ಮಾಡಿ. ಒಂದೊಂದಕ್ಕೂ ಸುಮಾರು 8 ಟನ್ ಹಿಡಿಯುತ್ತದೆ. ಒಂದೇ ದಿನಕ್ಕೆ ತುಂಬಿ ಮುಚ್ಚಬಹುದು. ಮುಚ್ಚಿದ ಮೇಲೆ 45 ದಿನವಾದರೂ ಕೈ ಹಚ್ಚಬೇಡಿ.

ಕೆಂಪು ಮಣ್ಣಿನ ಒಂದು ಎಕರೆಗೆ ಮೆಕ್ಕೆಜೋಳ ಬೇಡ. ಮಳೆ ಕೈಕೊಟ್ಟರೆ ತೆನೆಯೇ ಕಟ್ಟುವುದಿಲ್ಲ. ಅಲ್ಲಿ ಮೇವಿನ ಜೋಳ ಹಾಕಿ, ಹೂ ಬಂದು ಕಾಳು ಕಟ್ಟುವ ಹೊತ್ತಿಗೆ ಕೊಯ್ದು ಸೈಲೇಜ್ ಮಾಡಿ. ಎಳೆ ಜೋಳ, ಬರಕ್ಕೆ ಬಾಡಿದ ಜೋಳ ಹಸಿಯಾಗಿ ತಿಂದರೆ ದನಕ್ಕೆ ವಿಷವಾಗುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಮೆಕ್ಕೆಜೋಳದಲ್ಲಿ ಆ ವಿಷ ಇಲ್ಲ. ಆದರೆ ಅದಕ್ಕೂ ಬೇರೊಂದು ಭಯ ಇದೆ. ಯೂರಿಯಾ ಹಾಕಿದ ಬೆಳೆ ಬರಕ್ಕೆ ಸಿಕ್ಕಿ, ಆಮೇಲೆ ಒಂದು ಮಳೆ ಬಂದರೆ ದಂಟಿನ ಬುಡದಲ್ಲಿ ನೈಟ್ರೇಟ್ ತುಂಬಿಕೊಳ್ಳುತ್ತದೆ. ಅಂಥ ಬೆಳೆಯನ್ನು ಮಳೆ ಬಂದ ಮಾರನೇ ದಿನವೇ ಕೊಯ್ಯಬೇಡಿ. ಒಂದು ವಾರ ಬಿಟ್ಟು, ಬುಡದಿಂದ ಒಂದಡಿ ಮೇಲೆ ಕೊಯ್ಯಿರಿ.

ಈ ವರ್ಷ ಒಂದೇ ತಳಿಗೆ ಪೂರ್ತಿ ಕಟ್ಟುಬೀಳದೆ, ಹೊಲದ ನಡುವೆ ನಾಲ್ಕು ನಾಲ್ಕು ಸಾಲು ಬೇರೆ ಎರಡು ತಳಿ ಹಾಕಿ. ಅಳೆಯುವುದು ಸುಲಭ. ಸಾಲು ಎರಡು ಅಡಿ ಅಂತರದಲ್ಲಿದ್ದರೆ, ಒಂದು ಸಾಲಿನಲ್ಲಿ 22 ಅಡಿ ಉದ್ದ ಅಂದರೆ ಎಕರೆಯ ಸಾವಿರದ ಒಂದು ಭಾಗ. ಆ 22 ಅಡಿಯ ಗಿಡಗಳನ್ನು ಕೊಯ್ದು ತೂಗಿ. ಎಷ್ಟು ಕೆಜಿ ಬಂತೋ ಎಕರೆಗೆ ಅಷ್ಟೇ ಟನ್. ಪ್ರತಿ ತಳಿಯಲ್ಲಿ ಮೂರು ಕಡೆ ಹೀಗೆ ಅಳೆದು ಸರಾಸರಿ ತೆಗೆಯಿರಿ. ಬಿಸಿಲಿಗೆ ಒಣಗಿಸಿದ ಲೆಕ್ಕವನ್ನೂ ಜೊತೆಗೆ ಬರೆದಿಡಿ. ತೆನೆ ಬೇರೆ, ದಂಟು ಬೇರೆ ತೂಗಿದರೆ ಇನ್ನೂ ಒಳ್ಳೆಯದು.

ಹಸುಗಳಿಗೆ ಹಾಕುವಾಗ ಮೊದಲ ದಿನವೇ 20 ಕೆಜಿ ಸುರಿಯಬೇಡಿ. ಐದು ಕೆಜಿಯಿಂದ ಶುರು ಮಾಡಿ ಎರಡು ವಾರದಲ್ಲಿ ಏರಿಸಿ. ಮೆಕ್ಕೆಜೋಳದ ಸೈಲೇಜ್‌ನಲ್ಲಿ ಪ್ರೋಟೀನ್ ಒಣ ತೂಕದ ನೂರಕ್ಕೆ ಎಂಟರಷ್ಟೇ. ಶಕ್ತಿಗೆ ಹಾಕುವ ಬೂಸಾ ಕಡಿಮೆ ಮಾಡಬಹುದು, ಶೇಂಗಾ ಹಿಂಡಿ ಅಥವಾ ಹತ್ತಿ ಹಿಂಡಿ ನಿಲ್ಲಿಸಬಾರದು. ಬದುವಿನಲ್ಲಿ ಕುದುರೆ ಮಸಾಲೆ ಇಲ್ಲವೇ ಅಲಸಂದೆ ಇದ್ದರೆ ಅದೂ ಸೇರಲಿ.

ಇನ್ನು ತೆನೆ ಮಾರಿ ದಂಟು ಸೈಲೇಜ್ ಮಾಡುವ ವಿಷಯ. ಒಣಗಿದ ತೆನೆ ಮುರಿದ ಮೇಲೆ ಉಳಿಯುವ ದಂಟಿನಲ್ಲಿ ತೇವವೂ ಇಲ್ಲ, ಸಕ್ಕರೆಯೂ ಇಲ್ಲ. ಅದು ಸೈಲೇಜ್ ಆಗುವುದಿಲ್ಲ, ಒಣ ಮೇವಾಗಿಯೇ ಕತ್ತರಿಸಿ ಹಾಕಿ. ಸ್ವೀಟ್ ಕಾರ್ನ್ ಅಥವಾ ಬೇಬಿ ಕಾರ್ನ್ ಆದರೆ ಮಾತು ಬೇರೆ. ತೆನೆ ಕಿತ್ತಾಗ ಗಿಡ ಇನ್ನೂ ಹಸಿರಾಗಿರುತ್ತದೆ, ಒಂದು ದಿನ ಬಾಡಿಸಿ ಸೈಲೇಜ್ ಮಾಡಬಹುದು. ಆದರೆ ಅದರಲ್ಲಿ ಕಾಳಿಲ್ಲ, ಹಾಲು ಕೊಡುವ ಹಸುವಿಗಿಂತ ಪಡ್ಡೆಗಳಿಗೆ, ಬತ್ತಿದ ಹಸುಗಳಿಗೆ ಸರಿ.

ಕಾಳು ಮಾರಿದರೇ ಲಾಭವೋ ಅನ್ನುವುದನ್ನು ಆ ವರ್ಷದ ಧಾರಣೆ ಇಟ್ಟುಕೊಂಡು ನೀವೇ ನೋಡಬಹುದು. ಎಕರೆಗೆ 25 ಕ್ವಿಂಟಲ್ ಕಾಳು ಕೊಡುವ ಬೆಳೆ ಸುಮಾರು 16 ಟನ್ ಸೈಲೇಜ್ ಮೇವು ಕೊಡುತ್ತದೆ ಅಂತ ಇಟ್ಟುಕೊಳ್ಳಿ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ಬೆಲೆಯೇ ಸಿಕ್ಕಿತು ಅಂದರೂ ಎಕರೆಗೆ 60,000. ಅದನ್ನು 16 ಟನ್‌ಗೆ ಹಂಚಿದರೆ ಕೆಜಿಗೆ 3 ರೂಪಾಯಿ 75 ಪೈಸೆ. ಕಾಳಿನ ಕೊಯ್ಲು, ಒಕ್ಕಣೆ, ಸಾಗಾಟದ ಖರ್ಚು ಅದರಲ್ಲಿ ಕಳೆಯಿರಿ. ಈ ಕಡೆ ಸೈಲೇಜ್ ಕತ್ತರಿಸುವ, ತುಂಬುವ ಖರ್ಚು, ತಾರ್ಪಾಲಿನ ದುಡ್ಡು ಕೂಡಿಸಿ. ಬಂದ ಮೊತ್ತವನ್ನು ನಿಮ್ಮ ಊರಿಗೆ ತಂದು ಹಾಕುವ, ಬಿಗಿಯಾಗಿ ಸುತ್ತಿ ಕಟ್ಟಿದ ಸೈಲೇಜ್ ಬೇಲ್‌ನ ಕೆಜಿ ರೇಟಿನ ಪಕ್ಕ ಇಟ್ಟು ನೋಡಿ. ಬೇಲ್ ಅಗ್ಗವಾದರೆ ಕಾಳು ಮಾರಿ, ಬೇಲ್ ತನ್ನಿ. ತರುವ ಮುಂಚೆ ಒಂದು ಬೇಲ್ ಬಿಚ್ಚಿಸಿ, ಅದರಲ್ಲಿ ಕಾಳು ಎಷ್ಟಿದೆ ಅಂತ ಕೈ ಹಾಕಿ ನೋಡಿ.